ಬೋರಿಸೊವ್: ಅನ್ಯ ನಕ್ಷತ್ರಲೋಕದಿಂದ ಬಂದುಹೋದ ಧೂಮಕೇತು

ಸೂರ್ಯನ ಕುಟುಂಬಕ್ಕೆ ಸೇರದ, ಬೇರಾವುದೋ ನಕ್ಷತ್ರದ ಸುತ್ತ ಹುಟ್ಟಿ, ಅಲ್ಲಿಂದ ಹೊರದೂಡಲ್ಪಟ್ಟು, ಕೋಟ್ಯಂತರ ವರ್ಷಗಳ ಪಯಣದ ಬಳಿಕ ನಮ್ಮ ಸೌರವ್ಯೂಹವನ್ನು ಹಾದುಹೋದ ಧೂಮಕೇತುವೊಂದನ್ನು ಮಾನವರು ಮೊದಲ ಬಾರಿಗೆ ನಿಸ್ಸಂದೇಹವಾಗಿ ಗುರುತಿಸಿದ್ದು 2019ರಲ್ಲಿ. ಅದರ ಅಧಿಕೃತ ನಾಮಧೇಯ 2ಐ/ಬೋರಿಸೊವ್. ಆ ವರ್ಷದ ಆಗಸ್ಟ್ 30ರಂದು ಪತ್ತೆಯಾದ ಈ ಧೂಮಕೇತು ಡಿಸೆಂಬರ್ 8ರಂದು ಸೂರ್ಯನಿಗೆ ಅತಿ ಸಮೀಪ ಬಂದು, ಡಿಸೆಂಬರ್ 28ರಂದು ಭೂಮಿಗೆ ಅತಿ ಸಮೀಪ ಹಾದು, ಮತ್ತೆಂದೂ ಮರಳದ ಹಾದಿ ಹಿಡಿಯಿತು.

ಅತಿ ಸಮೀಪ ಎಂದರೂ ಆ ದೂರ ಸುಮಾರು 29 ಕೋಟಿ ಕಿಲೋಮೀಟರ್. ಅದು ಬರಿಗಣ್ಣಿಗೆ ಎಂದೂ ಕಾಣಲಿಲ್ಲ. ಆದರೆ ಅದನ್ನು ನೋಡಲು ದೊರೆತ ಕೆಲವೇ ತಿಂಗಳುಗಳ ಅವಕಾಶದಲ್ಲಿ ಜಗತ್ತಿನ ದೊಡ್ಡ ದೂರದರ್ಶಕಗಳೆಲ್ಲವೂ ಅದರತ್ತ ತಿರುಗಿದವು. ಲಡಾಖ್‌ನ ಹಾನ್ಲೆಯಲ್ಲಿರುವ, ಬೆಂಗಳೂರು ಸಮೀಪದ ಹೊಸಕೋಟೆಯಿಂದ ನಿಯಂತ್ರಿಸಲ್ಪಡುವ ಭಾರತದ ದೂರದರ್ಶಕವೂ ಅವುಗಳಲ್ಲಿ ಒಂದು.

ಈ ಪರಿಯ ಕುತೂಹಲಕ್ಕೆ ಬಲವಾದ ಕಾರಣವಿದೆ. ಧೂಮಕೇತುಗಳು ಗ್ರಹಗಳ ನಿರ್ಮಾಣವಾದಾಗ ಉಳಿದ ಕಚ್ಚಾ ಸಾಮಗ್ರಿ. ಮಂಜುಗಡ್ಡೆ, ಧೂಳು ಮತ್ತು ಇಂಗಾಲದ ಸಂಯುಕ್ತಗಳ ಈ ಉಂಡೆಗಳು ತಾವು ಹುಟ್ಟಿದ ಕಾಲದ ಸ್ಥಿತಿಯನ್ನು ಹೆಚ್ಚು ಬದಲಾಗದಂತೆ ಕಾಪಿಟ್ಟುಕೊಂಡಿರುತ್ತವೆ. ಅನ್ಯ ನಕ್ಷತ್ರಗಳ ಸುತ್ತ ಸಾವಿರಾರು ಗ್ರಹಗಳು ಪತ್ತೆಯಾಗಿದ್ದರೂ ಅವುಗಳ ಮೂಲದ್ರವ್ಯವನ್ನು ಹತ್ತಿರದಿಂದ ಪರೀಕ್ಷಿಸುವ ಅವಕಾಶ ನಮಗಿಲ್ಲ. ಅಲ್ಲಿಗೆ ನಾವು ಹೋಗಲಾರೆವು. ಆದರೆ ಅಲ್ಲಿನ ಒಂದು ತುಣುಕು ತಾನಾಗಿಯೇ ಇಲ್ಲಿಗೆ ಬಂದರೆ? ನಮ್ಮ ಸೌರವ್ಯೂಹ ವಿಶ್ವದಲ್ಲಿ ಸರ್ವೇಸಾಮಾನ್ಯವೋ ಅಥವಾ ವಿಶಿಷ್ಟವೋ ಎಂಬ ಪ್ರಶ್ನೆಗೆ ಅಂತಹ ತುಣುಕು ನೇರ ಸಾಕ್ಷ್ಯ ನುಡಿಯಬಲ್ಲದು.

ಪತ್ತೆಯಾದ ಬಗೆ

ಈ ಧೂಮಕೇತುವನ್ನು ಮೊದಲು ಕಂಡವರು ಗೆನ್ನಾಡಿ ಬೋರಿಸೊವ್. ಕ್ರೈಮಿಯಾದ ನೌಚ್ನಿ ಎಂಬಲ್ಲಿರುವ ತಮ್ಮ ಖಾಸಗಿ ವೀಕ್ಷಣಾಲಯ 'ಮಾರ್ಗೊ'ದಲ್ಲಿ, ಸ್ವತಃ ನಿರ್ಮಿಸಿದ 0.65 ಮೀಟರ್ ವ್ಯಾಸದ ದೂರದರ್ಶಕದ ಮೂಲಕ ಅವರು ಆಕಾಶವನ್ನು ಶೋಧಿಸುತ್ತಿದ್ದರು. ವೃತ್ತಿಯಲ್ಲಿ ದೂರದರ್ಶಕಗಳ ಎಂಜಿನಿಯರ್ ಆದ ಬೋರಿಸೊವ್ ಧೂಮಕೇತು ಶೋಧವನ್ನು ಹವ್ಯಾಸವಾಗಿ ನಡೆಸಿಕೊಂಡು ಬಂದವರು. ಅದಕ್ಕೂ ಮುನ್ನ ಹಲವು ಧೂಮಕೇತುಗಳನ್ನು ಪತ್ತೆಹಚ್ಚಿದ್ದರು.

ದೊಡ್ಡ ಸಮೀಕ್ಷಾ ದೂರದರ್ಶಕಗಳ ಕಣ್ಣಿಗೆ ಬೀಳದ್ದು ಹವ್ಯಾಸಿಯೊಬ್ಬರ ಕಣ್ಣಿಗೆ ಬಿದ್ದದ್ದು ಆಕಸ್ಮಿಕವೇನಲ್ಲ. ಬೃಹತ್ ಸಮೀಕ್ಷೆಗಳು ಸಾಮಾನ್ಯವಾಗಿ ಸೂರ್ಯನಿಂದ ದೂರದ, ಕತ್ತಲು ಗಾಢವಾಗಿರುವ ಭಾಗಗಳನ್ನು ಶೋಧಿಸುತ್ತವೆ. ಬೋರಿಸೊವ್ ಅರುಣೋದಯಕ್ಕೆ ಮುನ್ನ, ದಿಗಂತಕ್ಕೆ ಹತ್ತಿರವಿರುವ ಭಾಗವನ್ನು ಆರಿಸಿಕೊಂಡಿದ್ದರು. ಆ ದಿನ ಧೂಮಕೇತು ಆಕಾಶದಲ್ಲಿ ಸೂರ್ಯನಿಂದ ಕೇವಲ 38 ಡಿಗ್ರಿ ಅಂತರದಲ್ಲಿತ್ತು. ಅದರ ಪ್ರಕಾಶಾಂಕ ಸುಮಾರು 18. ಬರಿಗಣ್ಣಿಗೆ ಕಾಣುವ ಅತ್ಯಂತ ಕ್ಷೀಣ ನಕ್ಷತ್ರಕ್ಕಿಂತ ಐವತ್ತು ಸಾವಿರ ಪಟ್ಟಿಗೂ ಹೆಚ್ಚು ಮಸುಕು. ಅದರ ಚಲನೆ ಕ್ಷುದ್ರಗ್ರಹಗಳ ಚಲನೆಗಿಂತ ಭಿನ್ನವಾಗಿತ್ತು, ಅದರ ಸುತ್ತ ಮಂಜಿನಂತಹ ಮುಸುಕಿತ್ತು.

ಹೊಸ ಆಕಾಶಕಾಯಗಳ ಮಾಹಿತಿ ಸಂಗ್ರಹಿಸುವ 'ಮೈನರ್ ಪ್ಲಾನೆಟ್ ಸೆಂಟರ್'ಗೆ ವರದಿ ಹೋಯಿತು. ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ 'ಸ್ಕೌಟ್' ಎಂಬ ಸ್ವಯಂಚಾಲಿತ ಗಣಕ ವ್ಯವಸ್ಥೆ, ಇದು ಅಂತರತಾರಾ ಕಾಯ ಆಗಿರಬಹುದೆಂದು ಎಚ್ಚರಿಕೆ ನೀಡಿತು. ಬೇರೆ ಬೇರೆ ದೇಶಗಳ ವೀಕ್ಷಕರು ಮುಂದಿನ ದಿನಗಳಲ್ಲಿ ಕಳುಹಿಸಿದ ಸ್ಥಾನಮಾಪನಗಳು ಈ ಶಂಕೆಯನ್ನು ದೃಢಪಡಿಸಿದವು. ಸೆಪ್ಟೆಂಬರ್ 11ರಂದು 'ಸಿ/2019 ಕ್ಯೂ4' ಎಂಬ ತಾತ್ಕಾಲಿಕ ಹೆಸರಿನೊಂದಿಗೆ ಪ್ರಕಟಣೆ ಹೊರಬಿತ್ತು.

ಹೊರಗಿನದು ಎಂದು ತಿಳಿಯುವುದು ಹೇಗೆ?

ಆಕಾಶದಲ್ಲಿ ಕಾಣುವ ಮಸುಕಾದ ಚುಕ್ಕೆಯೊಂದು ಎಲ್ಲಿಯದು ಎಂಬುದನ್ನು ಅದರ ರೂಪ ಹೇಳುವುದಿಲ್ಲ. ಅದರ ಹಾದಿ ಹೇಳುತ್ತದೆ. ಸೂರ್ಯನ ಗುರುತ್ವಕ್ಕೆ ಕಟ್ಟುಬಿದ್ದ ಗ್ರಹ, ಕ್ಷುದ್ರಗ್ರಹ, ಧೂಮಕೇತುಗಳು ದೀರ್ಘವೃತ್ತದಲ್ಲಿ ಸುತ್ತುತ್ತವೆ. ಕಕ್ಷೆ ಎಷ್ಟು ಚಪ್ಪಟೆ ಎಂಬುದನ್ನು ಉತ್ಕೇಂದ್ರತೆ ಎಂಬ ಸಂಖ್ಯೆ ಸೂಚಿಸುತ್ತದೆ. ಪೂರ್ಣ ವೃತ್ತಕ್ಕೆ ಅದು ಸೊನ್ನೆ. ದೀರ್ಘವೃತ್ತಗಳಿಗೆ ಸೊನ್ನೆ ಮತ್ತು ಒಂದರ ನಡುವೆ. ಒಂದಕ್ಕಿಂತ ಹೆಚ್ಚಾದರೆ ಅದು ತೆರೆದ ಬಾಯಿಯ ಅತಿಪರವಲಯ. ಅಂತಹ ಪಥದಲ್ಲಿ ಬರುವ ಕಾಯ ಒಮ್ಮೆ ಮಾತ್ರ ಸೂರ್ಯನನ್ನು ಹಾದುಹೋಗುತ್ತದೆ.

ಉತ್ಕೇಂದ್ರತೆ ಒಂದನ್ನು ತುಸು ಮೀರಿದರೆ ಸಾಲದು. ಸೌರವ್ಯೂಹದ ಅಂಚಿನಿಂದ ಬರುವ ಧೂಮಕೇತುವೊಂದು ಗುರುಗ್ರಹದ ಬಳಿ ಸುಳಿದು ಅದರ ಸೆಳೆತದಿಂದ ವೇಗ ಗಳಿಸಿದರೂ ಈ ಮಿತಿಯನ್ನು ದಾಟಬಲ್ಲದು. 1980ರಲ್ಲಿ ಪತ್ತೆಯಾದ ಬೋವೆಲ್ ಧೂಮಕೇತುವಿನ ಉತ್ಕೇಂದ್ರತೆ ಹೀಗೆಯೇ 1.057ಕ್ಕೆ ಏರಿತ್ತು. ಆದರೆ ಬೋರಿಸೊವ್‌ನ ಉತ್ಕೇಂದ್ರತೆ 3.36. ಯಾವ ಗ್ರಹದ ಸೆಳೆತವೂ ಇದಕ್ಕೆ ಸಮಾಧಾನ ಹೇಳಲಾರದು.

ಇದೇ ಮಾತನ್ನು ವೇಗದ ಮೂಲಕವೂ ಹೇಳಬಹುದು. ಸೂರ್ಯನಿಂದ 30 ಕೋಟಿ ಕಿ.ಮೀ. ದೂರದಲ್ಲಿರುವ ಕಾಯವೊಂದು ಸೂರ್ಯನ ಹಿಡಿತದಿಂದ ತಪ್ಪಿಸಿಕೊಳ್ಳಲು ಸೆಕೆಂಡಿಗೆ ಸುಮಾರು 30 ಕಿ.ಮೀ. ವೇಗ ಸಾಕು. ಆ ದೂರದಲ್ಲಿ ಬೋರಿಸೊವ್ ಸೆಕೆಂಡಿಗೆ ಸುಮಾರು 44 ಕಿ.ಮೀ. ವೇಗದಲ್ಲಿ ಸಾಗುತ್ತಿತ್ತು. ಸೂರ್ಯನ ಸೆಳೆತದ ಪಾಲನ್ನು ಕಳೆದರೂ, ನಕ್ಷತ್ರಗಳ ನಡುವಿನ ಶೂನ್ಯದಲ್ಲಿ ಅದರ ಸಹಜ ವೇಗ ಸೂರ್ಯನಿಗೆ ಹೋಲಿಸಿದಂತೆ ಸೆಕೆಂಡಿಗೆ 32 ಕಿ.ಮೀ. ಇತ್ತು. ಅಂದರೆ ಸೂರ್ಯನ ನೆರವಿಲ್ಲದೆಯೇ ಅದು ಆ ವೇಗವನ್ನು ಹೊತ್ತು ಬಂದಿತ್ತು.

ಅದು ಬಂದ ದಿಕ್ಕು ಕ್ಯಾಸಿಯೋಪಿಯಾ ನಕ್ಷತ್ರಪುಂಜದ ಕಡೆಯದು. ಸುಮಾರು 13 ಜ್ಯೋತಿರ್ವರ್ಷ ದೂರದ ಕ್ರೂಗರ್ 60 ಎಂಬ ಜೋಡಿ ನಕ್ಷತ್ರ ಇದರ ತವರು ಆಗಿರಬಹುದೆಂದು ಪೋಲೆಂಡಿನ ಖಗೋಳಜ್ಞರು ಆರಂಭದಲ್ಲಿ ಊಹಿಸಿದ್ದುಂಟು. ಕಕ್ಷೆಯ ಲೆಕ್ಕ ಇನ್ನಷ್ಟು ನಿಖರವಾದಂತೆ ಆ ಊಹೆಯನ್ನು ಕೈಬಿಡಲಾಯಿತು. ನಕ್ಷತ್ರಗಳೂ ನಿರಂತರವಾಗಿ ಚಲಿಸುತ್ತಿರುವುದರಿಂದ, ಬಹುಕಾಲ ಅಲೆದ ಕಾಯದ ತವರನ್ನು ಹಿಮ್ಮುಖವಾಗಿ ಲೆಕ್ಕಹಾಕಿ ಹಿಡಿಯುವುದು ದುಸ್ಸಾಧ್ಯ.

ಹೆಸರಿನ ಹಿಂದಿನ ಲೆಕ್ಕ

2019ರ ಸೆಪ್ಟೆಂಬರ್ 24ರಂದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಇದಕ್ಕೆ 2ಐ/ಬೋರಿಸೊವ್ ಎಂಬ ಶಾಶ್ವತ ಹೆಸರನ್ನು ನೀಡಿತು. 'ಐ' ಎಂಬ ಅಕ್ಷರ ಅಂತರತಾರಾ ಎಂಬುದರ ಇಂಗ್ಲಿಷ್ ಸಂಕೇತ. 2 ಎಂದರೆ ಈ ವರ್ಗದ ಎರಡನೆಯದು. ಧೂಮಕೇತುಗಳಿಗೆ ಕಂಡುಹಿಡಿದವರ ಹೆಸರಿಡುವ ಸಂಪ್ರದಾಯದಂತೆ ಬೋರಿಸೊವ್ ಹೆಸರು ಸೇರಿತು.

ಮೊದಲನೆಯದು 1ಐ/ಓಮುವಾಮುವಾ. 2017ರ ಅಕ್ಟೋಬರ್ 19ರಂದು ಹವಾಯಿಯ ಪ್ಯಾನ್‌ಸ್ಟಾರ್ಸ್ ದೂರದರ್ಶಕದ ಚಿತ್ರಗಳಲ್ಲಿ ರಾಬರ್ಟ್ ವೆರಿಕ್ ಅದನ್ನು ಗುರುತಿಸಿದರು. ಆ ವೇಳೆಗಾಗಲೇ ಅದು ಸೂರ್ಯನನ್ನೂ ಭೂಮಿಯನ್ನೂ ಹಾದು ಹಿಂದಿರುಗುವ ದಾರಿಯಲ್ಲಿತ್ತು. ಅದಕ್ಕೆ ಬಾಲವಿರಲಿಲ್ಲ, ಅನಿಲದ ಮುಸುಕೂ ಕಾಣಲಿಲ್ಲ; ಆದರೂ ಅದರ ಚಲನೆಯಲ್ಲಿ ಗುರುತ್ವವೊಂದರಿಂದಲೇ ವಿವರಿಸಲಾಗದ ಸಣ್ಣ ವೇಗೋತ್ಕರ್ಷವಿತ್ತು. ಕೆಲವೇ ವಾರಗಳಲ್ಲಿ ಅದು ಅಧ್ಯಯನಕ್ಕೆ ನಿಲುಕದಷ್ಟು ಮಸುಕಾಯಿತು. ಅದರ ಸ್ವರೂಪದ ಕುರಿತ ವಾದವಿವಾದ ಇಂದಿಗೂ ಮುಗಿದಿಲ್ಲ.

ಬೋರಿಸೊವ್ ಮಹತ್ವ ಪಡೆದದ್ದು ಈ ಹಿನ್ನೆಲೆಯಲ್ಲಿ. ಅದು ಸೂರ್ಯನನ್ನು ಸಮೀಪಿಸುವುದಕ್ಕೆ ಮೂರು ತಿಂಗಳಿಗೂ ಮುನ್ನವೇ ಸಿಕ್ಕಿತು. ಜೊತೆಗೆ ಅದು ಅನಿಲ ಮತ್ತು ಧೂಳನ್ನು ಧಾರಾಳವಾಗಿ ಹೊರಸೂಸುತ್ತಿತ್ತು. ಅನಿಲವಿದ್ದರೆ ಅದರ ರಾಸಾಯನಿಕ ಸಂಯೋಜನೆಯನ್ನು ಅಳೆಯಬಹುದು.

ಪತ್ತೆಯಾದ ಬಳಿಕ ಹಳೆಯ ಚಿತ್ರಗಳ ಸಂಗ್ರಹವನ್ನು ಜಾಲಾಡಲಾಯಿತು. ಅಮೆರಿಕದ ಪಾಲೊಮಾರ್‌ನಲ್ಲಿರುವ ಜ್ವಿಕಿ ಸಮೀಕ್ಷೆಯ ಚಿತ್ರಗಳಲ್ಲಿ 2018ರ ಡಿಸೆಂಬರ್ 13ರಷ್ಟು ಹಿಂದೆಯೇ ಅದು ದಾಖಲಾಗಿತ್ತು. ಆಗ ಅದು ಸೂರ್ಯನಿಂದ ಸುಮಾರು 8 ಖಗೋಳಮಾನ ದೂರದಲ್ಲಿತ್ತು. (ಒಂದು ಖಗೋಳಮಾನವೆಂದರೆ ಸೂರ್ಯ ಮತ್ತು ಭೂಮಿಯ ಸರಾಸರಿ ಅಂತರ, ಸುಮಾರು 15 ಕೋಟಿ ಕಿ.ಮೀ.) ಅಷ್ಟು ದೂರದ ಕೊರೆಯುವ ಚಳಿಯಲ್ಲಿ ನೀರಿನ ಮಂಜುಗಡ್ಡೆ ಆವಿಯಾಗುವುದಿಲ್ಲ. ಆದರೂ ಧೂಮಕೇತು ಅಲ್ಲಿಯೇ ಸಕ್ರಿಯವಾಗಿದ್ದಂತೆ ಕಂಡಿತು. ನೀರಿಗಿಂತ ಸುಲಭವಾಗಿ ಆವಿಯಾಗುವ ಬೇರೇನೋ ಅದರಲ್ಲಿದೆ ಎಂಬುದಕ್ಕೆ ಇದು ಸುಳಿವಾಯಿತು.

ರೋಹಿತದ ಸಾಕ್ಷ್ಯ

ಧೂಮಕೇತುವಿನ ಮಧ್ಯದಲ್ಲಿರುವ ಘನಭಾಗಕ್ಕೆ ನ್ಯೂಕ್ಲಿಯಸ್ ಎಂದು ಹೆಸರು. ಸೂರ್ಯನ ಶಾಖಕ್ಕೆ ಅದರ ಮಂಜುಗಡ್ಡೆ ನೇರವಾಗಿ ಅನಿಲವಾಗಿ ಮಾರ್ಪಟ್ಟು, ಧೂಳನ್ನೂ ಜೊತೆಗೊಯ್ದು, ಸುತ್ತಲೂ 'ಕೋಮಾ' ಎಂಬ ಮುಸುಕನ್ನು ರಚಿಸುತ್ತದೆ. ಸೂರ್ಯನ ಬೆಳಕು ತಾಗಿದಾಗ ಆ ಅನಿಲದ ಪ್ರತಿಯೊಂದು ಬಗೆಯ ಅಣುವೂ ತನಗೆ ನಿಗದಿಯಾದ ಬಣ್ಣಗಳಲ್ಲಿ ಬೆಳಗುತ್ತದೆ. ಬೆಳಕನ್ನು ರೋಹಿತವಾಗಿ ಬಿಡಿಸಿ ನೋಡಿದರೆ, ಯಾವ ಅಣು ಎಷ್ಟು ಪ್ರಮಾಣದಲ್ಲಿದೆ ಎಂದು ಲೆಕ್ಕ ಹಾಕಬಹುದು.

ಬೋರಿಸೊವ್‌ನಲ್ಲಿ ಮೊದಲು ಸಿಕ್ಕ ಅನಿಲ ಸಯನೋಜನ್ ವರ್ಗದ ಸಿಎನ್, ಅಂದರೆ ಇಂಗಾಲ ಮತ್ತು ಸಾರಜನಕಗಳ ಜೋಡಿ. 2019ರ ಸೆಪ್ಟೆಂಬರ್ 20ರಂದು ಕೆನರಿ ದ್ವೀಪಗಳ ಲಾ ಪಾಲ್ಮಾದಲ್ಲಿರುವ 4.2 ಮೀಟರ್ ವ್ಯಾಸದ ವಿಲಿಯಂ ಹರ್ಷೆಲ್ ದೂರದರ್ಶಕ ಇದನ್ನು ಗುರುತಿಸಿತು. ಅನ್ಯ ನಕ್ಷತ್ರಲೋಕದ ಧೂಮಕೇತುವೊಂದರಿಂದ ಹೊರಟ ಅನಿಲ ಮಾನವನಿಗೆ ಗೋಚರಿಸಿದ್ದು ಅದೇ ಮೊದಲು. ನಮ್ಮ ಧೂಮಕೇತುಗಳಲ್ಲೂ ಸಾಮಾನ್ಯವಾಗಿ ಮೊದಲು ಕಾಣಿಸಿಕೊಳ್ಳುವುದು ಇದೇ ಅನಿಲ ಎಂಬುದು ಗಮನಾರ್ಹ.

ನೀರಿನ ಪ್ರಮಾಣವನ್ನು ತಿಳಿಯಲು ನಾಸಾದ ಸ್ವಿಫ್ಟ್ ಉಪಗ್ರಹ ನೆರವಾಯಿತು. ಸೂರ್ಯನ ಕಿರಣಗಳು ನೀರಿನ ಅಣುವನ್ನು ಒಡೆದಾಗ ಉಳಿಯುವ ಹೈಡ್ರಾಕ್ಸಿಲ್ ಅತಿನೇರಳೆ ಬೆಳಕಿನಲ್ಲಿ ಕಾಣುತ್ತದೆ. ಆ ಲೆಕ್ಕದಂತೆ ಧೂಮಕೇತು ಗರಿಷ್ಠ ಚಟುವಟಿಕೆಯ ದಿನಗಳಲ್ಲಿ ಸೆಕೆಂಡಿಗೆ ಸುಮಾರು 30 ಲೀಟರ್ ನೀರನ್ನು ಹೊರಚೆಲ್ಲುತ್ತಿತ್ತು. ಒಟ್ಟು ಪಯಣದಲ್ಲಿ ಅದು ಕಳೆದುಕೊಂಡ ನೀರು ಸುಮಾರು 23 ಕೋಟಿ ಲೀಟರ್ ಎಂಬ ಅಂದಾಜಿದೆ.

ನಿಜವಾದ ಅಚ್ಚರಿ ಕಾದಿದ್ದದ್ದು ಕಾರ್ಬನ್ ಮಾನಾಕ್ಸೈಡ್‌ನಲ್ಲಿ. ಹಬಲ್ ದೂರದರ್ಶಕದ ಅತಿನೇರಳೆ ಉಪಕರಣ ಮತ್ತು ಚಿಲಿ ದೇಶದ ಆಲ್ಮಾ ರೇಡಿಯೋ ದೂರದರ್ಶಕ ಸಮೂಹ ಇದನ್ನು ಪ್ರತ್ಯೇಕವಾಗಿ ಅಳೆದವು. ಎರಡರ ಫಲಿತಾಂಶಗಳೂ 2020ರ ಏಪ್ರಿಲ್‌ನಲ್ಲಿ ಪ್ರಕಟವಾದವು. ಹಬಲ್ ತಂಡದ ಪ್ರಕಾರ ಈ ಅನಿಲದ ಪ್ರಮಾಣ ನೀರಿನ ಪ್ರಮಾಣವನ್ನೂ ಮೀರಿತ್ತು. ಸೌರವ್ಯೂಹದ ಒಳಭಾಗದಲ್ಲಿ ಅದುವರೆಗೆ ಅಳೆದಿದ್ದ ಯಾವುದೇ ಧೂಮಕೇತುವಿಗಿಂತ ಇದು ಮೂರು ಪಟ್ಟಿಗೂ ಅಧಿಕ.

ಇದರ ಅರ್ಥವೇನು? ಕಾರ್ಬನ್ ಮಾನಾಕ್ಸೈಡ್ ಮಂಜುಗಡ್ಡೆಯಾಗಬೇಕಾದರೆ ಸೊನ್ನೆಗಿಂತ ಸುಮಾರು 250 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯ ಬೇಕು. ಆದ್ದರಿಂದ ಬೋರಿಸೊವ್ ತನ್ನ ನಕ್ಷತ್ರದಿಂದ ಬಹುದೂರದ ಅತಿಶೀತಲ ವಲಯದಲ್ಲಿ ರೂಪುಗೊಂಡಿರಬೇಕು. ಇಲ್ಲವೇ ಅದರ ನಕ್ಷತ್ರವೇ ನಮ್ಮ ಸೂರ್ಯನಿಗಿಂತ ತಂಪಾದ ಕೆಂಪು ಕುಬ್ಜ ಆಗಿರಬೇಕು ಎಂದು ವಿಜ್ಞಾನಿಗಳು ತರ್ಕಿಸಿದರು. ಇಷ್ಟು ಬೇಗ ಆವಿಯಾಗುವ ವಸ್ತು ಇಷ್ಟೊಂದು ಉಳಿದಿದೆಯೆಂದರೆ, ಅದು ಹುಟ್ಟಿದಾಗಿನಿಂದ ಹೆಚ್ಚು ಶಾಖ ಕಂಡಿಲ್ಲವೆಂದೂ ಅರ್ಥ.

ಇನ್ನೊಂದು ಅನಿರೀಕ್ಷಿತ ಸಂಗತಿ ನಿಕ್ಕೆಲ್. 2020ರ ಜನವರಿಯ ಕೊನೆಯಲ್ಲಿ, ಚಿಲಿಯಲ್ಲಿರುವ ಯುರೋಪಿನ 'ವೆರಿ ಲಾರ್ಜ್ ಟೆಲಿಸ್ಕೋಪ್' ಪಡೆದ ರೋಹಿತದಲ್ಲಿ ಪೋಲೆಂಡಿನ ಪಿಯೊತ್ರ್ ಗುಜಿಕ್ ಮತ್ತು ಮಿಹಾವ್ ದ್ರಾಹುಸ್ ನಿಕ್ಕೆಲ್ ಪರಮಾಣುಗಳ ಆವಿಯನ್ನು ಗುರುತಿಸಿದರು. ಲೋಹ ಆವಿಯಾಗಲು ಬೇಕಾದ ಉಷ್ಣತೆ ಅಲ್ಲಿರಲಿಲ್ಲ. ಧೂಮಕೇತು ಇದ್ದ ತಾಣದ ತಾಪಮಾನ ಸೊನ್ನೆಗಿಂತ 90 ಡಿಗ್ರಿಯಷ್ಟು ಕೆಳಗಿತ್ತು. ಈ ಸಂಶೋಧನೆ 2021ರ ಮೇ ತಿಂಗಳಲ್ಲಿ ಪ್ರಕಟವಾದಾಗಲೇ, ಬೆಲ್ಜಿಯಂನ ಮತ್ತೊಂದು ತಂಡ ನಮ್ಮದೇ ಸೌರವ್ಯೂಹದ ಸುಮಾರು ಇಪ್ಪತ್ತು ಧೂಮಕೇತುಗಳಲ್ಲಿ ಕಬ್ಬಿಣ ಮತ್ತು ನಿಕ್ಕೆಲ್ ಆವಿಯನ್ನು ಪತ್ತೆಹಚ್ಚಿದ ವರದಿಯೂ ಪ್ರಕಟವಾಯಿತು. ಹೊರಗಿನ ಅತಿಥಿ ಮತ್ತು ಮನೆಯ ಮಕ್ಕಳ ನಡುವೆ ಯಾರೂ ನಿರೀಕ್ಷಿಸದಿದ್ದ ಸಾಮ್ಯವೊಂದು ಹೀಗೆ ಬೆಳಕಿಗೆ ಬಂತು.

ಹಾನ್ಲೆಯ ದೂರದರ್ಶಕ, ಹೊಸಕೋಟೆಯ ನಿಯಂತ್ರಣ

ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಹಿಮಾಲಯನ್ ಚಂದ್ರ ದೂರದರ್ಶಕ ಲಡಾಖ್‌ನ ಹಾನ್ಲೆಯಲ್ಲಿ ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿದೆ. ಅದರ ಕನ್ನಡಿಯ ವ್ಯಾಸ 2 ಮೀಟರ್. ಉಪಗ್ರಹ ಸಂಪರ್ಕದ ಮೂಲಕ ಅದನ್ನು ನಡೆಸುವ ಕೇಂದ್ರ ಇರುವುದು ಬೆಂಗಳೂರು ಹೊರವಲಯದ ಹೊಸಕೋಟೆಯಲ್ಲಿ. ಈ ದೂರದರ್ಶಕದ ಜೊತೆಗೆ, ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯ ರಾಜಸ್ಥಾನದ ಮೌಂಟ್ ಅಬುವಿನಲ್ಲಿ ಹೊಂದಿರುವ 1.2 ಮೀಟರ್ ದೂರದರ್ಶಕವನ್ನೂ ಬೋರಿಸೊವ್ ಅಧ್ಯಯನಕ್ಕೆ ಬಳಸಲಾಯಿತು.

2019ರ ನವೆಂಬರ್ ಕೊನೆಯಲ್ಲಿ, ಅಂದರೆ ಧೂಮಕೇತು ಸೂರ್ಯನ ಸಮೀಪಬಿಂದುವನ್ನು ತಲುಪುವ ಮುನ್ನ, ಮತ್ತು ಡಿಸೆಂಬರ್ 22ರಂದು, ಅಂದರೆ ಆ ಬಿಂದುವನ್ನು ದಾಟಿದ ಬಳಿಕ, ಹಾನ್ಲೆಯಿಂದ ರೋಹಿತ ದಾಖಲಿಸಲಾಯಿತು. ಎರಡೂ ಬಾರಿ ಸಿಎನ್ ಅನಿಲವೇ ಪ್ರಧಾನವಾಗಿತ್ತು. ಎರಡು ಇಂಗಾಲ ಪರಮಾಣುಗಳ ಸಿ2 ಅಣುವಿನ ಪ್ರಮಾಣ ಸಿಎನ್‌ಗೆ ಹೋಲಿಸಿದಾಗ ಮೊದಲು 0.54, ನಂತರ 0.34 ಎಂದು ಲೆಕ್ಕಕ್ಕೆ ಬಂತು. ಇಂಗಾಲ ಸರಪಳಿಯ ಅಣುಗಳು ಸಾಧಾರಣ ಮಟ್ಟಿಗೆ ಕಡಿಮೆ ಇರುವ ಧೂಮಕೇತುಗಳ ವರ್ಗಕ್ಕೆ ಬೋರಿಸೊವ್ ಸೇರುತ್ತದೆ; ಅದರ ಮೇಲ್ಮೈ ಎಲ್ಲೆಡೆ ಒಂದೇ ಬಗೆಯದಾಗಿರಲಿಕ್ಕಿಲ್ಲ; ಆದರೂ ಒಟ್ಟಾರೆ ವರ್ತನೆಯಲ್ಲಿ ಅದು ಸೌರವ್ಯೂಹದ ಧೂಮಕೇತುಗಳನ್ನೇ ಹೋಲುತ್ತದೆ ಎಂದು 2021ರಲ್ಲಿ ಪ್ರಕಟವಾದ ಈ ಭಾರತೀಯ ಅಧ್ಯಯನ ನಿರ್ಣಯಿಸಿತು.

ದೊಡ್ಡ ಕನ್ನಡಿಗಳಿರುವಾಗ 2 ಮೀಟರ್ ದೂರದರ್ಶಕದ ಕಾಣಿಕೆ ಏನು ಎಂಬ ಪ್ರಶ್ನೆ ಏಳಬಹುದು. ಧೂಮಕೇತು ದಿನದಿಂದ ದಿನಕ್ಕೆ ಬದಲಾಗುವ ಕಾಯ. ಒಂದು ರೇಖಾಂಶದಲ್ಲಿ ಬೆಳಗಾದಾಗ, ಮೋಡ ಕವಿದಾಗ ಮತ್ತೊಂದು ರೇಖಾಂಶದ ವೀಕ್ಷಣಾಲಯ ಕೆಲಸ ಮುಂದುವರಿಸಬೇಕು. ಸಮೀಪಬಿಂದುವಿನ ಎರಡೂ ಬದಿಯ ಮಾಪನಗಳನ್ನು ಒಂದೇ ಉಪಕರಣದಿಂದ ಪಡೆದದ್ದರಿಂದಲೇ ಈ ವ್ಯತ್ಯಾಸವನ್ನು ನಂಬಿಕೆಯಿಂದ ಹೋಲಿಸುವುದು ಸಾಧ್ಯವಾಯಿತು.

ಗಾತ್ರದ ಲೆಕ್ಕಾಚಾರ

ಧೂಮಕೇತುವಿನ ನ್ಯೂಕ್ಲಿಯಸ್ ಕೋಮಾದ ಹೊಳಪಿನಲ್ಲಿ ಹುದುಗಿರುವುದರಿಂದ ಅದನ್ನು ನೇರವಾಗಿ ಅಳೆಯಲಾಗದು. ಆರಂಭದಲ್ಲಿ ಬೋರಿಸೊವ್‌ನ ವ್ಯಾಸ 2ರಿಂದ 16 ಕಿ.ಮೀ. ಇರಬಹುದೆಂದು ಅಂದಾಜಿಸಲಾಗಿತ್ತು. 2019ರ ಅಕ್ಟೋಬರ್ 12ರಿಂದ ಹಬಲ್ ದೂರದರ್ಶಕ ತೆಗೆದ ಚಿತ್ರಗಳು ಈ ಲೆಕ್ಕವನ್ನು ತಲೆಕೆಳಗು ಮಾಡಿದವು. ಡೇವಿಡ್ ಜುವಿಟ್ ಅವರ ತಂಡ ಕೋಮಾದ ಬೆಳಕನ್ನು ಕಳೆದು ನೋಡಿದಾಗ, ನ್ಯೂಕ್ಲಿಯಸ್‌ನ ತ್ರಿಜ್ಯ 0.2ರಿಂದ 0.5 ಕಿ.ಮೀ. ನಡುವೆ ಇದೆ ಎಂಬ ನಿರ್ಣಯಕ್ಕೆ ಬಂತು. ಅಂದರೆ ಅಡ್ಡಗಲ ಹೆಚ್ಚೆಂದರೆ ಒಂದು ಕಿಲೋಮೀಟರ್.

ಆದರೆ ಅಷ್ಟು ಚಿಕ್ಕ ಕಾಯದ ಬಾಲ ಎಷ್ಟು ಉದ್ದ? ನವೆಂಬರ್ 24ರಂದು ಹವಾಯಿಯ ಕೆಕ್ ವೀಕ್ಷಣಾಲಯದಿಂದ ತೆಗೆದ ಚಿತ್ರದಲ್ಲಿ ಅದು ಸುಮಾರು 1.6 ಲಕ್ಷ ಕಿ.ಮೀ. ಚಾಚಿತ್ತು; ಭೂಮಿಯ ವ್ಯಾಸದ ಹನ್ನೆರಡು ಪಟ್ಟಿಗೂ ಅಧಿಕ.

ಧೂಳಿನ ಕಣಗಳಿಂದ ಚದುರಿ ಬರುವ ಬೆಳಕು ಎಷ್ಟರಮಟ್ಟಿಗೆ ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ ಎಂಬುದನ್ನು, ಅಂದರೆ ಅದರ ಧ್ರುವೀಕರಣವನ್ನು, ಅಳೆದರೆ ಕಣಗಳ ಸ್ವರೂಪದ ಕುರಿತು ತಿಳಿಯುತ್ತದೆ. ಬೋರಿಸೊವ್‌ನ ಧ್ರುವೀಕರಣ ನಮ್ಮ ಬಹುತೇಕ ಧೂಮಕೇತುಗಳಿಗಿಂತ ಹೆಚ್ಚಿತ್ತು. ಅದಕ್ಕೆ ಸರಿಸಾಟಿಯಾಗಿ ಕಂಡದ್ದು 1997ರಲ್ಲಿ ಬರಿಗಣ್ಣಿಗೇ ಭವ್ಯವಾಗಿ ಗೋಚರಿಸಿದ್ದ ಹೇಲ್-ಬಾಪ್ ಮಾತ್ರ. ಸೂರ್ಯನ ಶಾಖಕ್ಕೆ ಹೆಚ್ಚು ಒಡ್ಡಿಕೊಳ್ಳದ ಧೂಮಕೇತುವೆಂದು ಹೇಲ್-ಬಾಪ್ ಪರಿಗಣಿತವಾಗಿದೆ. ಬೋರಿಸೊವ್ ಅದಕ್ಕಿಂತಲೂ ಮುಗ್ಧ. ನಮ್ಮ ಸೂರ್ಯನ ಬಳಿ ಬರುವ ಮುನ್ನ ಅದು ಯಾವ ನಕ್ಷತ್ರದ ಸಮೀಪಕ್ಕೂ ಸುಳಿದಿರಲಿಕ್ಕಿಲ್ಲ ಎಂದು 2021ರ ಮಾರ್ಚ್‌ನಲ್ಲಿ ಪ್ರಕಟವಾದ ಅಧ್ಯಯನ ಅಭಿಪ್ರಾಯಪಟ್ಟಿತು.

ಬೀಗಮುದ್ರೆಯ ದಿನಗಳಲ್ಲಿ ಒಡೆದ ಧೂಮಕೇತು

2020ರ ಮಾರ್ಚ್ 4ರಿಂದ 9ರ ನಡುವೆ ಬೋರಿಸೊವ್ ಹಠಾತ್ತನೆ ಪ್ರಕಾಶಮಾನವಾಯಿತು. ನ್ಯೂಕ್ಲಿಯಸ್‌ನಲ್ಲಿ ಏನೋ ಸಂಭವಿಸಿದೆ ಎಂಬುದು ಖಚಿತವಾಯಿತು. ಆದರೆ ಅದೇ ತಿಂಗಳ ಉತ್ತರಾರ್ಧದಲ್ಲಿ ಕೋವಿಡ್ ಸಾಂಕ್ರಾಮಿಕದ ಕಾರಣ ಚಿಲಿಯ ಆಲ್ಮಾ ಸೇರಿದಂತೆ ಹಲವು ವೀಕ್ಷಣಾಲಯಗಳು ಒಂದರ ಹಿಂದೊಂದರಂತೆ ಬಾಗಿಲು ಮುಚ್ಚಿದವು. ಮತ್ತೊಮ್ಮೆ ಸಿಗದ ಅತಿಥಿ ಒಡೆಯುತ್ತಿದ್ದ ಗಳಿಗೆಯಲ್ಲೇ ಭೂಮಿಯ ಮೇಲಿನ ಕಣ್ಣುಗಳು ಮುಚ್ಚಿಕೊಂಡಂತಾಯಿತು.

ಅಂತರಿಕ್ಷದಲ್ಲಿದ್ದ ಹಬಲ್ ಮಾತ್ರ ಕೆಲಸ ಮುಂದುವರಿಸಿತ್ತು. ಮಾರ್ಚ್ 30ರ ಚಿತ್ರದಲ್ಲಿ ಒಂದರ ಬದಲು ಎರಡು ಬಿಂದುಗಳು ಕಂಡವು. ಕೆಲವೇ ದಿನಗಳಲ್ಲಿ ಎರಡನೆಯ ತುಣುಕು ಮಾಯವಾಯಿತು. ಕಳಚಿಕೊಂಡದ್ದು ನ್ಯೂಕ್ಲಿಯಸ್‌ನ ಅತ್ಯಲ್ಪ ಭಾಗ ಮಾತ್ರ, ಮೂಲ ಕಾಯ ಬಹುಪಾಲು ಸುರಕ್ಷಿತವಾಗಿಯೇ ಮುಂದೆ ಸಾಗಿತು ಎಂಬುದು ವಿಶ್ಲೇಷಣೆಯ ಸಾರ. ಸೂರ್ಯನ ಬಿಸಿಗೆ ಬಿರಿಯುವ ಈ ಗುಣದಲ್ಲಿಯೂ ಅದು ನಮ್ಮ ಧೂಮಕೇತುಗಳನ್ನು ಹೋಲಿತು.

ಮೂರನೆಯ ಅತಿಥಿ

2025ರ ಜುಲೈ 1ರಂದು ಚಿಲಿಯ ರಿಯೊ ಹುರ್ಟಾಡೊದಲ್ಲಿರುವ ಅಟ್ಲಾಸ್ ಸಮೀಕ್ಷಾ ದೂರದರ್ಶಕ ಮತ್ತೊಂದು ಅಂತರತಾರಾ ಧೂಮಕೇತುವನ್ನು ಪತ್ತೆಹಚ್ಚಿತು. ಅದು 3ಐ/ಅಟ್ಲಾಸ್. ಅದರ ಉತ್ಕೇಂದ್ರತೆ ಆರನ್ನೂ ಮೀರಿತ್ತು. ಅಂತರತಾರಾ ವೇಗ ಸೆಕೆಂಡಿಗೆ ಸುಮಾರು 58 ಕಿ.ಮೀ. ಅಕ್ಟೋಬರ್ 3ರಂದು ಮಂಗಳ ಗ್ರಹದ ಸಮೀಪ ಹಾದು, ಅಕ್ಟೋಬರ್ 29ರಂದು ಸೂರ್ಯನಿಂದ ಸುಮಾರು 20 ಕೋಟಿ ಕಿ.ಮೀ. ದೂರದಲ್ಲಿ ತಿರುವು ಪಡೆದು, ಡಿಸೆಂಬರ್ 19ರಂದು ಭೂಮಿಯಿಂದ ಸುಮಾರು 27 ಕೋಟಿ ಕಿ.ಮೀ. ಅಂತರದಲ್ಲಿ ಅದು ಹೊರಟುಹೋಯಿತು.

ಬೋರಿಸೊವ್ ಕಾರ್ಬನ್ ಮಾನಾಕ್ಸೈಡ್‌ನಿಂದ ಅಚ್ಚರಿ ಹುಟ್ಟಿಸಿದ್ದರೆ, ಅಟ್ಲಾಸ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಪ್ರಧಾನವಾಗಿತ್ತು. 2025ರ ಆಗಸ್ಟ್ 6ರಂದು ಜೇಮ್ಸ್ ವೆಬ್ ದೂರದರ್ಶಕ ಅವಕೆಂಪು ಬೆಳಕಿನಲ್ಲಿ ಪರೀಕ್ಷಿಸಿದಾಗ ಅದರ ಪ್ರಮಾಣ ನೀರಿಗಿಂತ ಸುಮಾರು ಎಂಟು ಪಟ್ಟು ಇತ್ತು. ಹೊರಗಿನಿಂದ ಬರುವ ಧೂಮಕೇತುಗಳು ನಮ್ಮವುಗಳಿಗಿಂತ ಭಿನ್ನವಾಗಿರುವಂತೆಯೇ ಪರಸ್ಪರ ಭಿನ್ನವೂ ಹೌದು ಎಂಬುದು ಇದರಿಂದ ಸ್ಪಷ್ಟವಾಯಿತು. 2025ರ ನವೆಂಬರ್‌ನಲ್ಲಿ ಮೌಂಟ್ ಅಬುವಿನ ದೂರದರ್ಶಕವೂ ಇದನ್ನು ವೀಕ್ಷಿಸಿ, ಸೌರವ್ಯೂಹದ ಧೂಮಕೇತುಗಳಲ್ಲಿ ಕಾಣುವಂತಹ ಅನಿಲಗಳ ರೋಹಿತವನ್ನು ದಾಖಲಿಸಿತು.

ಅಟ್ಲಾಸ್ ಅನ್ಯಲೋಕದ ನೌಕೆ ಇರಬಹುದೆಂಬ ವದಂತಿ ಆ ತಿಂಗಳುಗಳಲ್ಲಿ ಜಾಲತಾಣಗಳಲ್ಲಿ ವ್ಯಾಪಕವಾಗಿ ಹರಡಿತು. ಅದು ಧೂಮಕೇತುವೇ ಎಂದು ನಾಸಾ 2025ರ ನವೆಂಬರ್ 19ರಂದು ಪತ್ರಿಕಾಗೋಷ್ಠಿಯಲ್ಲಿ ಸ್ಪಷ್ಟಪಡಿಸಬೇಕಾಯಿತು. ಕೋಮಾ, ಬಾಲ, ಸೂರ್ಯನ ಶಾಖಕ್ಕೆ ಹೊರಬರುವ ಅನಿಲ ಇವೆಲ್ಲವೂ ಧೂಮಕೇತುವಿನ ಲಕ್ಷಣಗಳು. ಈ ಲಕ್ಷಣಗಳನ್ನು ಹೊರಗಿನ ಕಾಯವೊಂದರಲ್ಲಿ ಒಂದೊಂದಾಗಿ ಪರೀಕ್ಷಿಸುವ ಕ್ರಮವನ್ನು ಆರು ವರ್ಷಗಳ ಹಿಂದೆಯೇ ಬೋರಿಸೊವ್ ಕಲಿಸಿಕೊಟ್ಟಿತ್ತು.

ಮುಂದಿನ ದಾರಿ

2025ರ ಅಂತ್ಯದವರೆಗೆ ಖಚಿತವಾಗಿ ಗುರುತಿಸಲಾದ ಅಂತರತಾರಾ ಅತಿಥಿಗಳು ಮೂರೇ. ಇಂತಹ ಕಾಯಗಳು ಹಿಂದೆಯೂ ಬಂದುಹೋಗಿರಬೇಕು; ಅವುಗಳನ್ನು ಹಿಡಿಯುವ ಸಾಮರ್ಥ್ಯ ನಮಗಿರಲಿಲ್ಲ. ಚಿಲಿಯಲ್ಲಿ 8.4 ಮೀಟರ್ ಕನ್ನಡಿಯ ವೆರಾ ರೂಬಿನ್ ವೀಕ್ಷಣಾಲಯದ ಮೊದಲ ಚಿತ್ರಗಳು 2025ರ ಜೂನ್‌ನಲ್ಲಿ ಬಿಡುಗಡೆಯಾಗಿವೆ. ದಕ್ಷಿಣದ ಆಕಾಶವನ್ನು ಮತ್ತೆ ಮತ್ತೆ ಚಿತ್ರಿಸುವ ಅದರ ಸಮೀಕ್ಷೆಯಿಂದ ಇಂತಹ ಇನ್ನಷ್ಟು ಕಾಯಗಳು ಸಿಗುವ ನಿರೀಕ್ಷೆಯಿದೆ.

ಯುರೋಪಿನ ಬಾಹ್ಯಾಕಾಶ ಸಂಸ್ಥೆ ಜಪಾನಿನ ಸಹಯೋಗದಲ್ಲಿ ರೂಪಿಸಿರುವ 'ಕಾಮೆಟ್ ಇಂಟರ್‌ಸೆಪ್ಟರ್' ನೌಕೆಯದ್ದು ಬೇರೆಯೇ ಉಪಾಯ. ಗುರಿ ಯಾವುದೆಂದು ಗೊತ್ತಾಗುವ ಮೊದಲೇ ನೌಕೆಯನ್ನು ಅಂತರಿಕ್ಷಕ್ಕೆ ಕಳುಹಿಸಿ, ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿ ಕಾಯುವಂತೆ ಮಾಡಲಾಗುತ್ತದೆ. ಸೌರವ್ಯೂಹದ ಅಂಚಿನಿಂದ ಹೊಸ ಧೂಮಕೇತು ಬಂದಾಗ ಅದನ್ನು ಎದುರ್ಗೊಳ್ಳುವುದು ಅದರ ಮುಖ್ಯ ಉದ್ದೇಶ. ಅದೃಷ್ಟ ಕೂಡಿಬಂದರೆ ಆ ಗುರಿ ಅಂತರತಾರಾ ಕಾಯವೂ ಆಗಬಹುದು. ಇದನ್ನು 2029ರ ಸುಮಾರಿಗೆ ಉಡಾಯಿಸುವ ಯೋಜನೆಯಿದೆ.

ಬೋರಿಸೊವ್ ಈಗ ಯಾವ ದೂರದರ್ಶಕಕ್ಕೂ ನಿಲುಕದು. ಅದರ ಕುರಿತು ನಮ್ಮಲ್ಲಿರುವುದು 2018ರ ಡಿಸೆಂಬರ್‌ನಿಂದ 2020ರವರೆಗಿನ ಚಿತ್ರಗಳು ಮತ್ತು ರೋಹಿತಗಳು ಮಾತ್ರ. ನೀರು, ಇಂಗಾಲ, ಸಾರಜನಕ, ನಿಕ್ಕೆಲ್ ಇವು ಅಪರಿಚಿತ ನಕ್ಷತ್ರವೊಂದರ ಅಂಗಳದಲ್ಲೂ ಇದ್ದವು, ಆದರೆ ಬೆರೆತ ಪ್ರಮಾಣ ಮಾತ್ರ ಬೇರೆ ಎಂಬುದು ಆ ದಾಖಲೆಗಳಿಂದ ತಿಳಿದುಬಂದ ಸತ್ಯ. ಆ ಮಾಪನಗಳನ್ನು ಪುನಃ ಮಾಡುವ ಅವಕಾಶ ಇನ್ನಿಲ್ಲ. ಅವುಗಳೊಂದಿಗೆ ಹೋಲಿಸಲು ಮುಂದಿನ ಅತಿಥಿಗಾಗಿ ಕಾಯಬೇಕು.

ಬೋರಿಸೊವ್: ಒಂದು ನೋಟ

ಅಧಿಕೃತ ಹೆಸರು: 2ಐ/ಬೋರಿಸೊವ್ (ಮೊದಲಿನ ಹೆಸರು ಸಿ/2019 ಕ್ಯೂ4)
ಪತ್ತೆ: 2019ರ ಆಗಸ್ಟ್ 30, ನೌಚ್ನಿ, ಕ್ರೈಮಿಯಾ
ಪತ್ತೆಹಚ್ಚಿದವರು: ಗೆನ್ನಾಡಿ ಬೋರಿಸೊವ್
ಕಕ್ಷೆಯ ಉತ್ಕೇಂದ್ರತೆ: 3.36
ಅಂತರತಾರಾ ವೇಗ: ಸೆಕೆಂಡಿಗೆ ಸುಮಾರು 32 ಕಿ.ಮೀ.
ಸೂರ್ಯನಿಗೆ ಅತಿ ಸಮೀಪ: 2019ರ ಡಿಸೆಂಬರ್ 8, ಸುಮಾರು 30 ಕೋಟಿ ಕಿ.ಮೀ.
ಭೂಮಿಗೆ ಅತಿ ಸಮೀಪ: 2019ರ ಡಿಸೆಂಬರ್ 28, ಸುಮಾರು 29 ಕೋಟಿ ಕಿ.ಮೀ.
ನ್ಯೂಕ್ಲಿಯಸ್‌ನ ತ್ರಿಜ್ಯ: 0.2ರಿಂದ 0.5 ಕಿ.ಮೀ.
ಪತ್ತೆಯಾದ ಪ್ರಮುಖ ವಸ್ತುಗಳು: ನೀರು, ಕಾರ್ಬನ್ ಮಾನಾಕ್ಸೈಡ್, ಸಿಎನ್, ಸಿ2, ಹೈಡ್ರೋಜನ್ ಸಯನೈಡ್, ನಿಕ್ಕೆಲ್ ಆವಿ